ಹತ್ತನೆಯ ಟಕ್

ಒಂದೈದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಸಿಕೊಳ್ಳಿ. ನಡುವೆ ಎದ್ದು ಹೋದರೆ ತಪ್ಪೆಲ್ಲ ಗುಮಾಸ್ತನದೇ ಅನ್ನಿಸಿಬಿಡುತ್ತದೆ.

ಗ್ರಂಥಾಲಯದ ಗುಮಾಸ್ತ ಆವತ್ತು ರಜೆ ಹಾಕಿದ್ದ. ಅನಾನಸ್ಸಿಗೆ ಕೆಂಪು ಮೆಣಸಿನಕಾಯಿ ಸೇರಿಸಿ ಸಿಹಿ-ಖಾರ ಜಾಮ್ ಕುದಿಸಿ, ಹತ್ತು ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ ಕುದಿಯುವ ನೀರಲ್ಲಿ ಮುಳುಗಿಸಿ ತೆಗೆದು, ಅಡುಗೆಮನೆಯ ಮೇಜಿನ ಮೇಲೆ ಆರಲು ಸಾಲಾಗಿ ಇಟ್ಟಿದ್ದ. ಬೇಕರಿ ಯಜಮಾನರು ಮಾತು ಕೊಟ್ಟಿದ್ದರು: ಸಂಜೆ ಐದಕ್ಕೆ ಹತ್ತು ಬಾಟಲಿ ತರಬೇಕು, ಒಂದೂ ಕೆಡುವಂತಿರಬಾರದು, ಆಗ ಅಂಗಡಿಯ ಬಾಗಿಲ ಪಕ್ಕದ ಕಪಾಟು ಅವನದೇ. ಹನ್ನೆರಡು ವರ್ಷ ಬೇರೆಯವರ ಹೆಸರಿನ ಪುಸ್ತಕ ಜೋಡಿಸಿದವನಿಗೆ ತನ್ನ ಹೆಸರಿನ ಒಂದು ಕಪಾಟು ಬೇಕೆನ್ನಿಸಿದ್ದರಲ್ಲಿ ತಪ್ಪೇನಿದೆ?

ಬಾಟಲಿ ಆರುವಾಗ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡು ಟಕ್ ಅನ್ನುತ್ತದೆ. ಅಂದರೆ ಗಾಳಿ ಹೋಗದಂತೆ ಭದ್ರವಾಯಿತು. ಟಕ್ ಎನ್ನದ ಬಾಟಲಿಯ ಜಾಮ್ ಕೆಡುತ್ತದೆ. ಗುಮಾಸ್ತ ಪೆನ್ಸಿಲ್ ಹಿಡಿದು, ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡನಂತೆ ಕೂತ. ಟಕ್ಕಿಗೊಂದರಂತೆ ಒಂಬತ್ತು ಗೀಟು ಬಿದ್ದವು.

ಆಗಲೇ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತ ಮಹಡಿ ಮನೆಯ ಅಕ್ಕ ಇಳಿದು ಬಂದರು. ಹಿಂದೆಯೇ ಎದುರುಮನೆಯ ನಿವೃತ್ತ ಮೇಷ್ಟ್ರು. ಮನೆಯಲ್ಲಿ ಏನು ಸುಡುತ್ತಿದ್ದೀಯ ಎಂದು ಇಬ್ಬರೂ ವಿಚಾರಣೆ ಶುರುಮಾಡಿದರು. ಗುಮಾಸ್ತ ತುಟಿಯ ಮೇಲೆ ಬೆರಳಿಟ್ಟ. ಗ್ರಂಥಾಲಯದಲ್ಲಿ ನಡೆಯುವ ಆ ಬೆರಳು ಮನೆಯಲ್ಲಿ ನಡೆಯಲಿಲ್ಲ. ಹತ್ತನೆಯದು ಟಕ್ ಅಂದಿತೋ ಇಲ್ಲವೋ, ಆ ಗದ್ದಲದಲ್ಲಿ ದೇವರಿಗೇ ಗೊತ್ತು.

ವಿಷಯ ತಿಳಿದು ಅಕ್ಕನಿಗೆ ಪಾಪ ಅನ್ನಿಸಿತು. ಟೈಪ್‌ರೈಟರ್ ಬಡಿಯುವವರಂತೆ ಹತ್ತೂ ಮುಚ್ಚಳಗಳನ್ನು ಹೆಬ್ಬೆರಳಿನಿಂದ ಪಟಪಟ ಒತ್ತಿಬಿಟ್ಟರು. ಮಧ್ಯೆ ಎಲ್ಲೋ ಟಕ್ ಅಂದಿತು.

"ಇಗೋ, ಹತ್ತಾಯ್ತಲ್ಲ. ಬರ್ಕೋ."

"ಅಕ್ಕಾ, ಅದು ನೀವು ಒತ್ತಿದ ಟಕ್. ತಾನಾಗೇ ಅನ್ಬೇಕಿತ್ತು. ಈಗ ಹತ್ತೂ ಒಂದೇ ಥರ ಕಾಣ್ತವೆ, ಕೆಟ್ಟದ್ದು ಯಾವ್ದು ಅಂತ ಹೇಗೆ ಹುಡುಕ್ಲಿ?"

ಅಕ್ಕನ ಮುಖ ಬಾಡಿತು. ಅವರನ್ನು ಸಮಾಧಾನ ಮಾಡುತ್ತ ಗುಮಾಸ್ತ ಮೆಟ್ಟಿಲವರೆಗೆ ಬಿಟ್ಟುಬಂದ. ಅಷ್ಟರಲ್ಲಿ ಮೇಷ್ಟ್ರು ತಮ್ಮ ವಿಧಾನದಲ್ಲಿ ಪರೀಕ್ಷೆ ಮುಗಿಸಿದ್ದರು. ಭದ್ರವಾದ ಬಾಟಲಿ ತೆಗೆದರೆ ಪುಸ್ ಅನ್ನುತ್ತದೆ. ಒಂಬತ್ತು ಪುಸ್ ಅಂದಿದ್ದವು. ಕೊನೆಯದು ಸುಮ್ಮನಿತ್ತು.

"ನೋಡಪ್ಪಾ, ಕಳ್ಳ ಸಿಕ್ಕಿಬಿದ್ದ," ಅಂದರು ಮೇಷ್ಟ್ರು, ಮೂಸಿ ನೋಡುತ್ತ. ಮೇಜಿನ ಮೇಲೆ ಹತ್ತೂ ಬಾಟಲಿ ಬಾಯಿ ಬಿಟ್ಟುಕೊಂಡಿದ್ದವು. ಗುಮಾಸ್ತನೂ ಅಷ್ಟೇ.

ಅವನು ಜಗಳವಾಡಲಿಲ್ಲ. ಮೇಷ್ಟ್ರನ್ನು ಕಳಿಸಿ, ಗದ್ದಲ ಕೇಳಿ ಬಂದಿದ್ದ ಹೆಂಡತಿಯನ್ನೂ ಹೊರಗಿನ ಕೋಣೆಗೆ ಅಟ್ಟಿ, ಅಡುಗೆಮನೆಯ ಚಿಲಕ ಹಾಕಿದ. ಜಾಮನ್ನು ಮತ್ತೆ ಕುದಿಸಿ ತುಂಬಿ, ಹೊಸ ಮುಚ್ಚಳ ಹಾಕಿ, ಮತ್ತೆ ನೀರಲ್ಲಿ ಮುಳುಗಿಸಿ ತೆಗೆದ. ಉಸಿರು ಬಿಗಿಹಿಡಿದು ಎಣಿಸಿದ. ಹತ್ತಕ್ಕೆ ಹತ್ತು. ಒಂದೂ ತಪ್ಪಲಿಲ್ಲ.

ಐದಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಅವನು ಚೀಲ ಎದೆಗವಚಿಕೊಂಡು ಬೇಕರಿಯಲ್ಲಿದ್ದ. ಬಾಗಿಲ ಪಕ್ಕದ ಕಪಾಟು ತುಂಬಿತ್ತು. ಒಳಗೆಲ್ಲ ಅನಾನಸ್ಸು, ಮೆಣಸಿನಕಾಯಿಯ ಘಮ.

ಯಜಮಾನರು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು. ಮಧ್ಯಾಹ್ನವೇ ಅವರಿಗೆ ಸುದ್ದಿ ಮುಟ್ಟಿತ್ತು. ಮಹಡಿ ಮನೆಯ ಅಕ್ಕ ಬಂದು, ಎಲ್ಲ ತನ್ನ ಕೈಯಿಂದಲೇ ಹಾಳಾಯಿತು, ಕಪಾಟು ಖಾಲಿ ಇದ್ದರೆ ಹುಡುಗನ ಮಾನ ಹೋಗುತ್ತದೆ ಎಂದು ಕಣ್ಣೀರು ಹಾಕಿದ್ದರಂತೆ. ಗುಮಾಸ್ತನ ಹೆಂಡತಿಯಿಂದ ಜಾಮಿನ ಅಳತೆ ಬರೆಸಿಕೊಂಡ ಚೀಟಿಯನ್ನೂ ಕೊಟ್ಟಿದ್ದರಂತೆ. ಆಮೇಲೆ ಆ ಚೀಟಿ ನೋಡಿಕೊಂಡು ಯಜಮಾನರೇ ದೊಡ್ಡ ಒಲೆ ಹಚ್ಚಿ ಜಾಮ್ ಕುದಿಸಿದ್ದರು.

"ನಿಮಗ್ಯಾಕೆ ಇನ್ನು ಈ ಕಷ್ಟ? ಇನ್ಮೇಲೆ ನಾವೇ ಮಾಡ್ಕೋತೀವಿ," ಅಂದರು. ಗುಮಾಸ್ತನ ಚೀಲದಲ್ಲಿ ಏನಿದೆ ಎಂದು ಕೇಳಲೂ ಇಲ್ಲ. "ಆದ್ರೆ ಒಂದು ಉಪಕಾರ ಮಾಡಿ. ಹದಿನಾಲ್ಕು ಬಾಟಲಿ ಇಟ್ಟಿದ್ದೀನಿ, ಸದ್ದು ಮಾತ್ರ ಹದಿಮೂರೇ ಬಂದಿದ್ದು. ಯಾವ್ದು ಅಂತ ತಿಳೀತಿಲ್ಲ. ಒಂದ್ಸಲ ಎಲ್ಲಾನೂ ಪಟಪಟ ಒತ್ತಿ ನೋಡ್ಬಿಡ್ಲಾ?"

ಯಜಮಾನರ ಹೆಬ್ಬೆರಳು ಮೊದಲನೆಯ ಮುಚ್ಚಳದ ಮೇಲೆ ಇಳಿಯುತ್ತಿತ್ತು. ಹೇಳಿ, ನೀವಾಗಿದ್ದರೆ ಆ ಕೈ ಹಿಡಿದು ತಡೆಯುತ್ತಿದ್ದಿರೋ, ಸುಮ್ಮನಿರುತ್ತಿದ್ದಿರೋ?