‘ನಾಳೆ ಬಾ’ ಎನ್ನದ ಗೋಡೆ

ಎದುರಿಗಿದ್ದವರಿಗೆ ‘ಇಲ್ಲ’ ಎನ್ನುವ ವಿದ್ಯೆ ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಾರದು. ಭಿಕ್ಷೆಗೆ ಬಂದವನಿಗೆ ‘ಮುಂದಕ್ಕೆ ಹೋಗಪ್ಪ’ ಎನ್ನುತ್ತೇವೆ. ಬಟ್ಟಲಲ್ಲಿ ಕುಂಕುಮ ಮುಗಿದರೆ ‘ಹೆಚ್ಚಿದೆ’ ಎನ್ನುತ್ತೇವೆ. ಬಾಗಿಲು ತಟ್ಟುವ ದೆವ್ವವನ್ನು ಕೂಡ ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದು ಮರ್ಯಾದೆಯಿಂದ ಕಳಿಸಿದ ಜನ ನಾವು. ನಾನು ಚಿಕ್ಕವನಿದ್ದಾಗ ಹಿಂದೂಪುರದ ನಮ್ಮ ಬೀದಿಯಲ್ಲಿ ಅದನ್ನು ಎರಡೆರಡು ಸಲ ಬರೆಯುತ್ತಿದ್ದರು: ಕನ್ನಡದಲ್ಲಿ ‘ನಾಳೆ ಬಾ’, ಅದರ ಕೆಳಗೆ ತೆಲುಗಿನಲ್ಲಿ ‘ರೇಪು ರಾ’. ದೆವ್ವ ಯಾವ ಮೀಡಿಯಮ್ಮಿನಲ್ಲಿ ಓದಿದೆಯೋ ಯಾರಿಗೆ ಗೊತ್ತು! ಅಂಥ ಬೀದಿಯಲ್ಲಿ ಬೆಳೆದ ನಾನು, ಬಂದವರಿಗೆ ಹೂಂ ಎನ್ನದ, ಉಹೂಂ ಎಂದೂ ಎನ್ನದ ಒಂದು ಗೋಡೆ ಕಟ್ಟಿದೆ.

ಆಗ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಆ ತಂತಿಯ ಮೂಲಕ ಕಳ್ಳರು ಕಂಪ್ಯೂಟರಿನೊಳಕ್ಕೆ ನುಗ್ಗುತ್ತಾರೆಂದು ಪೇಪರಿನಲ್ಲಿ ಓದಿ ದಿಗಿಲುಬಿದ್ದೆ. “ನಮ್ಮನೇಲಿ ಕದಿಯಾಕೆ ಏನೈತ್ರೀ?” ಎಂದಳು ಹೆಂಡತಿ. ನಾನು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ಅದರಲ್ಲಿದೆ ಎಂದೆ. ಅವಳಿಗೆ ಅದು ಆಸ್ತಿಯಾಗಿ ಕಾಣಲಿಲ್ಲ. ನನ್ನ ಕಷ್ಟ ತಿಳಿದವರು ಕಲ್ಯಾಣದುರ್ಗದ ಭಾವ ಒಬ್ಬರೇ, ನಮ್ಮಕ್ಕನ ಯಜಮಾನರು. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಯಾರೂ ಬರದಂತಾದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. “ಕಳ್ರು ಬರ‍್ದಂಗೆ ನಡುವೆ ಇನ್ನೊಂದು ಮಿಷಿನ್ ಕೂರಿಸ್ಬೇಕು ಕಣ್ಲಾ ಬಾಮೈದ. ಫೈರ್‌ವಾಲ್ ಅಂತಾರೆ. ಹೊಸ್ದು ಯಾಕೆ, ನನ್ನ ಗುಜರಿನಾಗೆ ಎಲ್ಲಾ ಐತೆ,” ಎಂದು ಒಂದು ಗೋಣಿಚೀಲ ಹೊತ್ತುಕೊಂಡೇ ಬಸ್ಸಿಳಿದರು.

ಆ ಚೀಲದಿಂದ ಎದ್ದ ಯಂತ್ರಕ್ಕೆ ಒಬ್ಬರ ತಲೆ, ಇನ್ನೊಬ್ಬರ ಕೈ, ಮತ್ತೊಬ್ಬರ ಕಾಲು. ಒಂದು ಪಕ್ಕದ ಮುಚ್ಚಳ ಇರಲಿಲ್ಲ; ಮದುವೆ ಕಾಗದಗಳ ರಟ್ಟು ಕಟ್ಟಿದೆವು. ಪವರ್ ಸಪ್ಲೈನ ಫ್ಯಾನು ರಾಗಿ ಮಿಲ್ಲಿನಂತೆ ಅರಚುತ್ತಿತ್ತು. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಸೀಡಿಯಿಂದ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಅಕ್ಕಿ ಡ್ರಮ್ಮಿನ ಪಕ್ಕ ಕೂರಿಸಿದೆವು. ಕಲ್ಯಾಣದುರ್ಗದಲ್ಲಿ ಕೂತೇ ಇಂಟರ್‌ನೆಟ್ಟಿನ ಮೂಲಕ ಒಳಬಂದು ರಿಪೇರಿ ಮಾಡಲು ಭಾವ ತಮಗೊಂದು ಬಾಗಿಲು ಇಟ್ಟುಕೊಂಡರು. ಅದರ ನಂಬರು ನಮ್ಮಿಬ್ಬರಿಗೆ ಮಾತ್ರ ಗೊತ್ತು. ದಿನಾ ಬೆಳಿಗ್ಗೆ ಅಂಗಡಿ ತೆಗೆದು, ದೇವರಿಗೆ ಊದುಬತ್ತಿ ಹಚ್ಚಿ, ಆ ಬಾಗಿಲಿಂದ ಬಂದು ನನಗೊಂದು ಸಾಲು ಬರೆದಿಟ್ಟು ಹೋಗುವರು. ‘ಡಿಸ್ಕು ತುಂಬ್ತಾ ಐತೆ, ನಿನ್ನ ಹೊಟ್ಟೆ ಥರ.’ ಸ್ಕೂಲಿಗೆ ಹೊರಡುವ ಮುಂಚೆ ಅದನ್ನು ಓದದಿದ್ದರೆ ನನಗೆ ಕಾಫಿ ಕುಡಿದಂತಾಗುತ್ತಿರಲಿಲ್ಲ.

ಒಂದು ಸಲ ಧೂಳು ಒರೆಸಲು ತಂತಿಗಳನ್ನು ಕಿತ್ತು ಮತ್ತೆ ಚುಚ್ಚಿದೆ. ಇಂಟರ್‌ನೆಟ್ ನಿಂತುಹೋಯಿತು. ಯಾರು ಯಾರು ಬಾಗಿಲು ತಟ್ಟಿದರೆಂದು ಯಂತ್ರ ಬರೆದಿಡುವ ಲಾಗ್ ಎಂಬ ಪಟ್ಟಿಯನ್ನು ತೆಗೆದು ನೋಡಿದೆ. “ಭಾವಾ, ಕಳ್ರು ಬಂದ್ಬುಟ್ಟವ್ರೆ! ನಿಮಿಷಕ್ಕೆ ನೂರು ಸಲ ತಟ್ತಾವ್ರೆ!” ಎಂದು ಫೋನ್ ಮಾಡಿದೆ. ಪಾಪ, ಅಂಗಡಿ ಮುಚ್ಚಿ ಓಡಿಬಂದರು. ನೋಡಿದರೆ ಮನೆಯ ಕಂಪ್ಯೂಟರಿನ ತಂತಿಯನ್ನು ಹೊರಗಿನ ತೂತಿಗೂ ಬ್ರಾಡ್‌ಬ್ಯಾಂಡಿನ ತಂತಿಯನ್ನು ಒಳಗಿನ ತೂತಿಗೂ ಚುಚ್ಚಿದ್ದೆ. ತಟ್ಟುತ್ತಿದ್ದ ಕಳ್ಳ ನನ್ನದೇ ಕಂಪ್ಯೂಟರು.

ಇಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಲೇಪಾಕ್ಷಿಯಲ್ಲಿ ನೆಂಟರ ಮಗುವಿನ ನಾಮಕರಣದ ಊಟಕ್ಕೆ ಕೂತಾಗ ಭಾವ ಗಂಟಲು ಸರಿಮಾಡಿಕೊಂಡರು. “ನಮ್ಮ ಬಾಮೈದ ಲೋಕ ಕಾಪಾಡಾಕೆ ನಿಂತವ್ನೆ ಕಣ್ರಪ್ಪಾ! ತನ್ನ ಮನೆಯೋರು ಆಚೆ ಹೋಗಿ ಯಾರ‍್ಗೂ ತೊಂದ್ರೆ ಕೊಡ್ಬಾರ‍್ದು ಅಂತ ಗೋಡೇನೇ ಉಲ್ಟಾ ಕಟ್ಬುಟ್ಟವ್ನೆ!” ಪಾಯಸ ಬಡಿಸುತ್ತಿದ್ದವನು ಸೌಟು ಹಿಡಿದು ನಿಂತು ನಕ್ಕ. ಎದುರು ಪಂಕ್ತಿಯಲ್ಲಿ ನಮ್ಮ ಹೆಡ್‌ಮಾಸ್ಟರು ಕೂತಿದ್ದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲೂ ಅದೇ ನಗು.

ಸಿಟ್ಟಿನಲ್ಲಿ ಭಾವನ ಬಾಗಿಲು ಮುಚ್ಚಿದೆ. ಮುಚ್ಚುವುದಕ್ಕೆ ಲಿನಕ್ಸ್ ಪುಸ್ತಕದಲ್ಲಿ ಎರಡು ದಾರಿ ಹೇಳಿದ್ದರು. ಒಂದು ರಿಜೆಕ್ಟ್: ತಟ್ಟಿದವನಿಗೆ ‘ಪ್ರವೇಶವಿಲ್ಲ’ ಎಂದು ಉತ್ತರ ಹೋಗುತ್ತದೆ. ಇನ್ನೊಂದು ಡ್ರಾಪ್: ಯಾವ ಉತ್ತರವೂ ಇಲ್ಲ. ನಾನು ಡ್ರಾಪ್ ಆರಿಸಿದೆ. ತಟ್ಟಿ ತಟ್ಟಿ ಕೈ ನೋಯಲಿ, ಆಮೇಲೆ ತಾವೇ ಬಂದು ‘ತಪ್ಪಾಯ್ತು ಕಣ್ಲಾ’ ಎನ್ನಲಿ ಎಂದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಲಾಗ್ ನೋಡುತ್ತಿದ್ದೆ. ಭಾವ ದಿನಾ ಮೂರು ಸಲ ತಟ್ಟಿರುತ್ತಿದ್ದರು. ಅದನ್ನು ನೋಡಿ ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ. ಹತ್ತು ಹನ್ನೆರಡು ದಿನವಾದ ಮೇಲೆ ಒಂದು ಬೆಳಿಗ್ಗೆ ತಟ್ಟಿದ ಗುರುತಿರಲಿಲ್ಲ. ಅಂತೂ ಸೋತರು ಎಂದುಕೊಂಡು ಸ್ನಾನಕ್ಕೆ ಹೊರಟೆ. ಟವೆಲು ಹೆಗಲ ಮೇಲಿರುವಾಗಲೇ ಫೋನ್ ಬಂತು. ಅಂಗಡಿಯ ಬೀಗ ತೆಗೆಯುತ್ತಿದ್ದ ಭಾವ ಅಲ್ಲೇ ಕುಸಿದುಬಿದ್ದಿದ್ದರು. ಆಸ್ಪತ್ರೆಗೆ ಸೇರಿಸುವಷ್ಟೂ ಹೊತ್ತು ಉಳಿಯಲಿಲ್ಲ.

ಕಾರ್ಯವೆಲ್ಲ ಮುಗಿದು ನಾನು ಹೊರಟುನಿಂತಾಗ ಅಕ್ಕ ಹಳೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತಂದುಕೊಟ್ಟಳು. ಮೇಲೆ ಭಾವನ ಅಕ್ಷರ: ‘ಬಾಮೈದನ ಗೋಡೆಗೆ’. ಒಳಗೆ ಒರೆಸಿ ಎಣ್ಣೆ ಬಿಟ್ಟ ಒಂದು ಫ್ಯಾನು.

“ದಿನಾ ನಿನ್ನ ಮಿಷಿನ್ ಮಾತಾಡ್ಸೋರು ಕಣಪ್ಪ,” ಎಂದಳು. “‘ಬಾ ಅನ್ನಲ್ಲ, ಬ್ಯಾಡ ಅಂತಾನೂ ಅನ್ನಲ್ಲ. ಫ್ಯಾನು ಹೋಗಿ ಮಿಷಿನ್ ಸತ್ತೋಗೈತೆ ಕಣೆ, ಪಾಪ, ಅವ್ನಿಗೆ ತಿಳಿಯಾಕಿಲ್ಲ’ ಅನ್ನೋರು. ಫೋನ್ ಮಾಡಿ ಕೇಳ್ರಿ ಅಂದೆ. ‘ಬ್ಯಾಡ, ಕೆಟ್ಟೋಯ್ತೇನ್ಲಾ ಅಂದ್ರೆ ನೊಂದ್ಕಂತಾನೆ. ಲೇಪಾಕ್ಷಿನಾಗೆ ನಗ್ಸಿದ್ದೇ ಜಾಸ್ತಿ ಆಯ್ತು. ಭಾನುವಾರ ಸುಮ್ಕೆ ಹೋಗಿ ಹಾಕ್ಬತ್ತೀನಿ’ ಅಂದ್ರು.”

ನಾನು ಮುನಿಸಿಕೊಂಡಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನನ್ನ ಯಂತ್ರ ಸತ್ತಿದೆಯೆಂದು ಕೊರಗಿಕೊಂಡೇ ಹೋದರು. ‘ನಾಳೆ ಬಾ’ ಎಂದಾದರೂ ಬರೆದಿದ್ದರೆ ಓದಿ ನಗುತ್ತಿದ್ದರು. ಬಾಗಿಲು ಮುಚ್ಚಿದವನು ನಾನೇ ಎಂದು ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ಬಸ್ಸಿನಲ್ಲಿ ಹಿಂದೂಪುರ ಬರುವವರೆಗೂ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಪಕ್ಕದ ಸೀಟಿನವರು ಪ್ರಸಾದವೆಂದುಕೊಂಡು ಕಾಲು ಸರಿಸಿ ಕೂತರು.

ಮಾರನೆಯ ದಿನ ಫ್ಯಾನು ಹಾಕಿ, ಭಾವನ ಬಾಗಿಲನ್ನು ಮತ್ತೆ ತೆರೆದೆ. ಯಂತ್ರ ಸದ್ದಿಲ್ಲದೆ ನಡೆಯಿತು. ಆದರೆ ಇಂಟರ್‌ನೆಟ್ ಬರಲಿಲ್ಲ. ಲಾಗ್ ತೆಗೆದರೆ ನಿಮಿಷಕ್ಕೆ ನೂರು ಸಲ ತಟ್ಟುತ್ತಿದ್ದಾರೆ! ಓಡಿಹೋಗಿ ಅಂಗಡಿಯ ನಂಬರು ತಿರುಗಿಸಿದೆ. ಅಭ್ಯಾಸಬಲ. ಬೀಗ ಹಾಕಿದ ಅಂಗಡಿಯಲ್ಲಿ ಫೋನು ಬಡಿದುಕೊಂಡಿತು. ಹೂಂ ಇಲ್ಲ, ಉಹೂಂ ಇಲ್ಲ. ನೆನಪಾಗಿ ಕೆಳಗಿಟ್ಟೆ.

ಫ್ಯಾನು ಹಾಕಲು ಕಿತ್ತ ತಂತಿಗಳನ್ನು ಮತ್ತೆ ಉಲ್ಟಾ ಚುಚ್ಚಿದ್ದೆ. ಈ ಸಲ ನಾನೇ ಕಂಡುಹಿಡಿದು ಸರಿಮಾಡಿದೆ. ಆಮೇಲೆ ಎಷ್ಟೋ ಊಟದ ಪಂಕ್ತಿಗಳಲ್ಲಿ ಕೂತಿದ್ದೇನೆ, ಹೆಡ್‌ಮಾಸ್ಟರರ ಎದುರಿಗೂ ಕೂತಿದ್ದೇನೆ. ಪಾಯಸ ಬಂದಾಗಲೆಲ್ಲ ಯಾರಾದರೂ ಗಂಟಲು ಸರಿಮಾಡಿಕೊಳ್ಳುತ್ತಾರೇನೋ ಎಂದು ಅತ್ತಿತ್ತ ನೋಡುತ್ತೇನೆ.