ಕಪಟ ಭಕ್ತನ ಪಾತ್ರಕ್ಕೆ ನಾನೇ ಬೇಕಾಯಿತು

ದೇವರನ್ನು ನಂಬಿದವನಿಗೆ ಕಷ್ಟ ಬರುವುದೇ ಇಲ್ಲ ಎಂದು ನಾನು ಹೇಳಲಾರೆ. ನನಗಂತೂ ನಗು ಬರಿಸುವ ಕಷ್ಟಗಳನ್ನೇ ಅವನು ಕಳಿಸುತ್ತಾ ಬಂದಿದ್ದಾನೆ. ಸರ್ಕಾರಿ ಕೆಲಸದಿಂದ ನಿವೃತ್ತನಾಗಿ ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ಫ್ಲ್ಯಾಟಿನಲ್ಲಿ ಪೂಜೆ, ಪಾರಾಯಣ ಎಂದು ಹಾಯಾಗಿದ್ದವನಿಗೆ ಒಂದು ನಾಟಕವನ್ನೇ ಕಳಿಸಿಕೊಟ್ಟ.

ಪಾತ್ರ ಸಿಕ್ಕಿದ್ದು

ನಮ್ಮ ಕನ್ನಡಿಗರ ಬಳಗದ ರಾಜ್ಯೋತ್ಸವಕ್ಕೆ ನಾಟಕ ಆಡಿಸಲು ವಿಶ್ವವಿದ್ಯಾಲಯದ ಪಕ್ಕದ ಮುನಿರ್ಕಾದಿಂದ ಒಬ್ಬ ಯುವಕ ಬಂದ. ಫ್ರೆಂಚ್ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿದ್ದವನು. ರಾಜರ ಕಾಲದ ಫ್ರೆಂಚ್ ನಾಟಕಕಾರನೊಬ್ಬನ ನಾಟಕವನ್ನು ತಾನೇ ಕನ್ನಡಕ್ಕೆ ತಂದಿದ್ದ. ಭಕ್ತನ ವೇಷದಲ್ಲಿ ಸೇರಿಕೊಂಡು, ಅನ್ನ ಹಾಕಿದವನ ಮನೆಯನ್ನೇ ಲಪಟಾಯಿಸುವ ಕಪಟಿಯ ಕಥೆ. ಆ ಕಪಟಿ ನಾನು.

"ಕೊನೆಗೆ ಜನ ನಿಮ್ಮನ್ನ ಬೈಬೇಕು ಸರ್. ಅಯ್ಯೋ ಪಾಪ ಅಂದ್ರೆ ನಾಟಕ ಸತ್ತಂತೆ. ನಮ್ಮ ಪಿಎಚ್‌ಡಿ ಗೈಡ್ ಬೇರೆ ನೋಡಕ್ಕೆ ಬರ್ತಿದ್ದಾರೆ" ಎಂದ.

"ಅದಕ್ಕೆ ನಾನೇ ಯಾಕಪ್ಪಾ?"

"ನಾಮ, ಜುಟ್ಟು, ಪಂಚೆ ಎಲ್ಲಾ ರೆಡಿ ಇದೆಯಲ್ಲ ಸರ್. ಮೇಕಪ್ಪಿನವರನ್ನ ಕರೆಸೋದೇ ಬೇಡ!"

ತಾಲೀಮು

ಜಪಮಣಿ ತಿರುಗಿಸುತ್ತಲೇ ಯಜಮಾನನಿಗೆ ಸುಳ್ಳು ಹೇಳುವ ದೃಶ್ಯ. ಯಜಮಾನನ ಪಾತ್ರದವರು ತಮ್ಮ ಮಾತು ಹೇಳಿದರು. ನಾನು ಮಣಿ ತಿರುಗಿಸುತ್ತಲೇ ಇದ್ದೆ. ಮತ್ತೆ ಹೇಳಿದರು. ಕೈಸನ್ನೆ ಮಾಡಿ ತಡೆದೆ. ಅವರು ಕುರ್ಚಿಯಲ್ಲಿ ಕೂತು ಚಹಾ ತರಿಸಿಕೊಂಡರು.

"ಸರ್, ಡೈಲಾಗ್!" ಎಂದು ನಿರ್ದೇಶಕ ಕೂಗಿದ.

"ಮಾಲೆ ಅರ್ಧಕ್ಕೆ ನಿಲ್ಲಿಸಬಾರದಪ್ಪಾ."

"ನಿಜವಾಗಿ ಯಾಕೆ ಮಾಡ್ತೀರಿ? ಸುಳ್ಳು ಜಪ ಮಾಡಿ!"

"ಅದು ಹೇಗೆ ಅಂತ ತೋರಿಸಿಕೊಡು" ಎಂದೆ. ಪಾಪ, ಮಾಲೆ ತಗೊಂಡು ಕೂತ. ಅವನ ಜಪವೂ ಮುಗಿಯುವ ಹೊತ್ತಿಗೆ ಎರಡನೇ ಚಹಾ ಬಂತು.

ತರ್ಪಣ

ಒಂದು ದಿನ ಅವನು ಆ ನಾಟಕಕಾರನ ಕೊನೆಗಾಲದ ಕಥೆ ಹೇಳಿದ. ರೋಗಿಷ್ಠನ ಪಾತ್ರದಲ್ಲಿ ತಾನೇ ನಟಿಸುತ್ತಿದ್ದಾಗ ನಿಜವಾಗಿ ಕೆಮ್ಮು ಬಂತಂತೆ. ಅವತ್ತೇ ತೀರಿಕೊಂಡನಂತೆ. ನಟ ಎಂಬ ಕಾರಣಕ್ಕೆ ಪಾದ್ರಿಗಳು ಮಣ್ಣು ಮಾಡಲೂ ಹಿಂದೆಮುಂದೆ ನೋಡಿದರಂತೆ. ಪಿತೃಪಕ್ಷ ನಡೆಯುತ್ತಿತ್ತು. ನಮ್ಮವರಿಗೆಲ್ಲಾ ಎಳ್ಳುನೀರು ಬಿಟ್ಟ ಮೇಲೆ, "ಇವರಿಗೂ ಒಂದು" ಎಂದು ಪುರೋಹಿತರಿಗೆ ಆ ನಾಟಕಕಾರನ ಹೆಸರು ಹೇಳಿದೆ.

"ಗೋತ್ರ?"

"ಫ್ರಾನ್ಸಿನವರು, ಗೊತ್ತಿಲ್ಲ."

ಪುರೋಹಿತರು ಕಣ್ಣನ್ನೂ ಎತ್ತಲಿಲ್ಲ. "ಗೊತ್ತಿಲ್ಲದಿದ್ದರೆ ಕಾಶ್ಯಪ. ನೀರು ಬಿಡಿ."

ನನ್ನದೂ ಕಾಶ್ಯಪವೇ. ಅಂದಿನಿಂದ ಅವರು ನಮ್ಮ ದಾಯಾದಿಗಳು.

ಪ್ರದರ್ಶನ

ನಾನು ರಂಗಕ್ಕೆ ಬರುತ್ತಲೇ ಮುಂದಿನ ಸಾಲಿನ ಇಬ್ಬರು ಎದ್ದು ಕೈಮುಗಿದರು. ಸುಳ್ಳು ಹೇಳಿದೆ, ತಲೆದೂಗಿದರು. ಮನೆಪತ್ರ ಕಸಿದುಕೊಂಡೆ, "ಏನೋ ತಾಪತ್ರಯ ಇರಬೇಕು ಆಚಾರ್ರಿಗೆ" ಎಂದರು. ಪರದೆಯ ಪಕ್ಕದಲ್ಲಿ ನಿರ್ದೇಶಕ ತಲೆಮೇಲೆ ಕೈಹೊತ್ತು ನಿಂತಿದ್ದ. ಕೊನೆಗೆ ಪೊಲೀಸ್ ಪಾತ್ರಧಾರಿ ನನ್ನ ಕೈ ಹಿಡಿದಾಗ ಒಬ್ಬ ಅಜ್ಜಿ ಎದ್ದೇಬಿಟ್ಟರು. "ಬಿಡಯ್ಯಾ ಅವರನ್ನ! ಅಂಥವರಲ್ಲ ಅವರು!"

ಸಭೆಯೆಲ್ಲಾ "ಪಾಪ, ಪಾಪ" ಎಂದಿತು. ಆ ಯುವಕನ ಮುಖ ನೋಡಲಾಗದೆ, 'ಕೃಷ್ಣಾ, ಯಾರಾದರೂ ನನ್ನನ್ನು ಬೈಯಲಿ' ಎಂದು ಮನಸ್ಸಿನಲ್ಲೇ ಮೊರೆಯಿಟ್ಟೆ.

ಭಗವಂತ ತಡಮಾಡಲಿಲ್ಲ. ಮೂರನೇ ಸಾಲಿನಿಂದ ನನ್ನ ಹೆಂಡತಿ ಎದ್ದಳು.

"ಅಜ್ಜೀ, ನಂಬಬೇಡಿ! ಮನೇಲೂ ಹೀಗೇ ಇವರು! ಸಿಂಕ್ ಕಟ್ಟಿಕೊಂಡಿದೆ ಅಂದ ತಕ್ಷಣ ದೇವರಮನೆ ಸೇರ್ಕೊಂಡು ಬಾಗಿಲು ಹಾಕ್ಕೋತಾರೆ!"

"ನಮ್ಮನೇಲೂ ಅಷ್ಟೇರೀ!" ಎಂದು ಪಕ್ಕದವರು ಎದ್ದರು. ಹೆಂಗಸರ ಸಾಲುಗಳೆಲ್ಲಾ ಎದ್ದವು. "ಕಪಟಿ! ಕಳ್ಳ! ಎಳ್ಕೊಂಡು ಹೋಗ್ರೀ!" ಛಾವಣಿ ಹಾರಿಹೋಗುವಷ್ಟು ಗದ್ದಲ. ಗೈಡ್ ಮಹಾಶಯರು ನಿಂತು ಚಪ್ಪಾಳೆ ತಟ್ಟಿದರು.

ಪರದೆ ಬಿದ್ದದ್ದೇ ತಡ, ನಿರ್ದೇಶಕ ಹೂಮಾಲೆ ಹಿಡಿದು ಓಡಿಬಂದ. ನಾನು ಕತ್ತು ಬಾಗಿಸಿದೆ. ಅವನು ನನ್ನನ್ನು ದಾಟಿಕೊಂಡು ಮೂರನೇ ಸಾಲಿಗೆ ಹೋದ.