ಒಂದು ದಿನ ಹಿಂದೆ ಬೀಳುವ ಮೊಹರಿಗೆ

ನ್ಯಾಯಾಲಯದ ಅರ್ಜಿ ಸ್ವೀಕರಿಸುವ ಕಿಟಕಿಯಲ್ಲಿ ವಿರಾಜಮಾನರಾಗಿರುವ ತಾರೀಖಿನ ಮೊಹರು ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ಶಾಯಿಯ ದಿಂಬಿನ ಮೇಲೆ ಸುಖವಾಗಿ ಒರಗಿದ್ದೀರೆಂದು ನಂಬಿ, ಮೂವತ್ತೊಂದು ವರ್ಷ ತಮ್ಮ ಹಿಡಿ ಸವೆಸಿದ ನಿವೃತ್ತ ರಿಜಿಸ್ಟ್ರಾರ್ ಆದ ನಾನು ಸವಿನಯವಾಗಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ಕಾನೂನು ಓದಿ, ಎರಡು ವರ್ಷ ಕರಿಕೋಟು ತೊಟ್ಟು ವಾದಿಸಿ, ಆಮೇಲೆ ಆಡಳಿತಕ್ಕೆ ಬಂದವಳು ನಾನು. ಎಡ ಅಂಚು ನಾಲ್ಕು ಬೆರಳಿಗಿಂತ ಕಮ್ಮಿಯಿದ್ದ ಒಂದೇ ಒಂದು ಅರ್ಜಿಯನ್ನೂ ಒಳಗೆ ಬಿಟ್ಟವಳಲ್ಲ. ವಕೀಲರು ಬೆನ್ನ ಹಿಂದೆ ನನ್ನನ್ನು ‘ಅಂಚಮ್ಮ’ ಎನ್ನುತ್ತಿದ್ದರು. ಗೊತ್ತಿಲ್ಲದವಳಂತೆ ಇದ್ದುಕೊಂಡೇ ಹೆಮ್ಮೆಪಟ್ಟಿದ್ದೇನೆ.

ಇಂಥವಳ ಮಾನವನ್ನು ತಾವು ನನ್ನ ಸೇವೆಯ ಕೊನೆಯ ದಿನವೇ ಹರಾಜಿಗಿಟ್ಟಿರಿ. ಹೊಲಿಗೆ ಅಂಗಡಿಯ ಹೆಂಗಸೊಬ್ಬರು, ಅಂಗಡಿ ಖಾಲಿ ಮಾಡಬೇಕೆಂಬ ತೀರ್ಪಿನ ವಿರುದ್ಧ ಮೇಲ್ಮನವಿ ಹಿಡಿದು ಬಂದರು. ಗಡುವು ಹಿಂದಿನ ಸಂಜೆಗೇ ಮುಗಿದಿತ್ತು. ಗುಮಾಸ್ತೆ ತಮ್ಮನ್ನೆತ್ತಿ ಒತ್ತಿದಳು. ತಮ್ಮ ಸವೆದ ಚಕ್ರ ಸದ್ದಿಲ್ಲದೆ ಜಾರಿ, ಬಿದ್ದದ್ದು ನಿನ್ನೆಯ ತಾರೀಖು! ಆಹಾ, ಎಂಥ ಕರುಣೆ! ಮೂರು ದಶಕದಲ್ಲಿ ನನಗೆ ಬಾರದ ದಯೆ ತಮಗೆ ಒಂದೇ ಏಟಿಗೆ ಬಂತಲ್ಲ!

ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ನಿಜವಾದ ತಾರೀಖು ಬರೆದು, ಸಹಿ ಹಾಕಿ, ಗಡುವು ಮೀರಿದೆಯೆಂದು ಹಿಂದಿರುಗಿಸಿದೆ. “ಒಂದು ದಿನ ತಾನೇ ಮೇಡಂ, ಏನಾಗುತ್ತೆ?” ಎಂದರು ಆಕೆ. ಏನಾಗುತ್ತದೆಂದು ಹೇಳಿದೆ. ತಡವನ್ನು ಮನ್ನಿಸಿರೆಂದು ಕೇಳಲು ಇನ್ನೊಂದು ಅರ್ಜಿಯಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ನನ್ನ ಕೆಲಸವಲ್ಲವೆಂದು ಮೂವತ್ತೊಂದು ವರ್ಷ ನಂಬಿದ್ದೆ. ಬೀಳ್ಕೊಡುಗೆಯ ಭಾಷಣ ಕೇಳಿ ಮನೆಗೆ ಹೋದರೆ ಊಟ ಸೇರಲಿಲ್ಲ. “ಸರಿಯಾಗೇ ಮಾಡಿದ್ದೀಯಲ್ಲ, ಮತ್ಯಾಕೆ ಮುಖ ಊದಿಸ್ಕೊಂಡಿದ್ದೀಯ?” ಎಂದರು ಯಜಮಾನರು. ಸಂಕಟವೇ ಅದು ಎಂದು ಅವರಿಗೆ ಹೇಗೆ ಹೇಳಲಿ?

ಮರುದಿನ ಆಕೆಯ ಅಂಗಡಿ ಹುಡುಕಿಕೊಂಡು ಹೋದೆ. ಸೋಮವಾರ ಹಳೆಯ ಕೋಟಿನೊಳಗೆ ಹೇಗೋ ತೂರಿಕೊಂಡು, ಆಕೆಯ ಪರವಾಗಿ ಅರ್ಜಿ ಬರೆದು, ಕಿಟಕಿಯ ಹೊರಗಿನ ಸಾಲಿನಲ್ಲಿ ನಿಂತೆ. ನಾನೇ ಕಲಿಸಿದ ಗುಮಾಸ್ತೆ ಅಳೆದು ನೋಡಿ, “ಮೇಡಂ, ಎಡಗಡೆ ಅಂಚು ಒಂದ್ ಬೆರಳು ಕಮ್ಮಿ ಇದೆ” ಎಂದು ವಾಪಸು ಕೊಟ್ಟಳು. ಸಾಲಿನಲ್ಲಿದ್ದ ವಕೀಲರ ಸಂತೋಷವನ್ನು ಏನೆಂದು ವರ್ಣಿಸಲಿ! ಮತ್ತೆ ಬರೆದು ತಂದರೆ, ತಾವು ಕಚೇರಿಗೆ ರಜೆಯಿದ್ದ ಭಾನುವಾರಕ್ಕೆ ಬಿದ್ದಿರಿ. ಅವಳು ತಲೆಯನ್ನೂ ಎತ್ತದೆ ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕಿದಳು. ಸಿಟ್ಟು ಬರಬೇಕಿತ್ತು, ಕಣ್ಣು ತುಂಬಿಬಂತು.

ಹೋದ ವಾರ ನ್ಯಾಯಾಧೀಶರು ತಡವನ್ನು ಮನ್ನಿಸಿದರು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಅಂಗಡಿಗೆ ಬೀಗವಿಲ್ಲ. ಈಗ ತಮ್ಮಲ್ಲಿ ಒಂದೇ ಪ್ರಾರ್ಥನೆ. ಹಿಂದಕ್ಕೆ ಜಾರುವ ಶಕ್ತಿ ತಮಗೆ ಹೇಗೂ ಇದೆ. ದಯಮಾಡಿ ಮೂವತ್ತೊಂದು ವರ್ಷ ಜಾರಿಬಿಡಿ. ಗಡುವು ಮೀರಿದೆ ಎಂದಷ್ಟೇ ಹೇಳಿ ಕಳಿಸಿದವರನ್ನೆಲ್ಲ ಕರೆದು, ಮುಂದೇನು ಮಾಡಬೇಕೆಂದೂ ಹೇಳಿ ಬರುತ್ತೇನೆ.

ತಮ್ಮ ವಿಶ್ವಾಸಿ,
ಅಂಚಮ್ಮ

ವಿ.ಸೂ.: ಈ ಪತ್ರದ ತಾರೀಖನ್ನು ಲಕೋಟೆಯ ಮೇಲೆ ನಾನೇ ಕೈಯಿಂದ ಬರೆದಿದ್ದೇನೆ, ತಮಗೆ ತೊಂದರೆ ಬೇಡ. ಅಂದಹಾಗೆ, ಕೋಟಿನ ತೋಳು ಸಡಿಲಿಸಿ ಗುರುವಾರ ಕೊಡುತ್ತೇನೆಂದಿದ್ದ ಆ ಹೊಲಿಗೆಯವರು ಶುಕ್ರವಾರವಾದರೂ ಕೊಟ್ಟಿಲ್ಲ. ಕೇಳಿದ್ದಕ್ಕೆ, “ಒಂದು ದಿನ ತಾನೇ ಮೇಡಂ, ಏನಾಗುತ್ತೆ?” ಎಂದರು. ಈ ಸಲ ನಾನು ಬಾಯಿ ಮುಚ್ಚಿಕೊಂಡು ಬಂದೆ.